ಮೂರು ಕೈ ಇಟ್ಟ ಹಾದಿ

ಕಲಬುರಗಿಯ ಗಾಜಿಪುರದ ನಮ್ಮ ಓಣಿಯಲ್ಲಿ ನನ್ನಷ್ಟು ಹಟಮಾರಿ ಮನುಷ್ಯ ಇನ್ನೊಬ್ಬನಿಲ್ಲ ಎಂದು ನನ್ನ ಹೆಂಡತಿ ಶುಭದಾ ಎಲ್ಲರಿಗೂ ಹೇಳುತ್ತಿದ್ದಳು. ಎದುರುಮನೆಗೆ ಮಲ್ಲಣ್ಣ ಬಂದ ಮೇಲೆ ಆ ಮಾತು ನಿಲ್ಲಿಸಿದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ನಾನು ಅಂಚೆ ಕಚೇರಿಯ ಕೌಂಟರಿನ ಹಿಂದೆ ಕೂತು ನೌಕರಿಯುದ್ದಕ್ಕೂ ನೋಡಿದ್ದೇನೆ. ಆ ಮೊಲ ತನ್ನ ಕೈಯನ್ನೇ ಕಚ್ಚುತ್ತಿದ್ದರೂ ಬಿಡದವನನ್ನು ನೋಡಿದ್ದು ಇವನೊಬ್ಬನನ್ನೇ.

ಮಲ್ಲಣ್ಣ ಕಮಲಾಪುರದ ಕಡೆಯವನು, ಕೆಂಪು ಬಾಳೆ ಬೆಳೆದವನು. ಲಕ್ವಾ ಹೊಡೆದು ಬಲಗೈ ಬಲಗಾಲು ಸೋತ ಮೇಲೆ ಮಗಳು ಅಂಬಿಕಾ ಅವನನ್ನು ತನ್ನ ಮನೆಗೆ ಕರೆತಂದಳು. ಆಕೆ ಶಾಲೆಯಲ್ಲಿ ಟೀಚರು. ಆಕೆ ಕೆಲಸಕ್ಕೆ ಹೋದಾಗ ಮಲ್ಲಣ್ಣನಿಗೂ ಹೊತ್ತು ಹೋಗಬೇಕು, ಪಿಂಚಣಿ ತಿನ್ನುವ ನನಗೂ ಹೊತ್ತು ಹೋಗಬೇಕು. ಹೀಗೆ ನಮ್ಮ ಗೆಳೆತನ ಬೆಳೆಯಿತು. ಅವನ ಹಣೆಯ ಮೇಲೆ ಅಡ್ಡ ವಿಭೂತಿ, ನನ್ನ ಹಣೆಯ ಮೇಲೆ ಉದ್ದ ನಾಮ. "ನಿಮ್ದು ನಿಂತದ, ನಮ್ದು ಮಲಗ್ಯಾದ. ಅದಕ್ಕೇ ನೀವು ಅಡ್ಡಾಡ್ತೀರಿ, ನಾ ಮಲಗೀನಿ ರಾಯರ" ಎಂದು ತನ್ನ ಕಾಲನ್ನೇ ತಾನು ಚೇಷ್ಟೆ ಮಾಡಿಕೊಳ್ಳುತ್ತಿದ್ದ.

ಅವನಿಗೆ ಬಾಕಿ ಉಳಿದಿದ್ದ ಆಸೆ ಒಂದೇ. ಹೆಂಡತಿ ಜಯದೇವಿಯನ್ನು ಅವರದೇ ಹೊಲದಲ್ಲಿ ಮಣ್ಣು ಮಾಡಿದ್ದರು. ಅಮಾಸೆಗೊಮ್ಮೆ ಆ ಸಮಾಧಿಯ ಹತ್ತಿರ ಕೂತು ಬರಬೇಕು. ಅದು ಅಂಥ ದೊಡ್ಡ ಆಸೆಯೇನಲ್ಲ. ನಮ್ಮ ಓಣಿಯ ಮೈಬೂಬನ ಮೂರು ಗಾಲಿಯ ಟಂಟಂ ಇತ್ತು, ಡಾಂಬರು ರಸ್ತೆ ಇತ್ತು. ಜಗತ್ ಸರ್ಕಲ್ಲಿನ ಗದ್ದಲ ದಾಟಿ, ಮಹಾಗಾಂವ ಕ್ರಾಸಿನಲ್ಲಿ ಚಹಾ ಕುಡಿದು, ಕಮಲಾಪುರದ ಆಚೆ ಹೊಲದ ಹಾದಿಯ ಬಾಯಿಗೆ ಮುಟ್ಟುವುದು ಏನೂ ಕಷ್ಟವಿರಲಿಲ್ಲ. ಕಷ್ಟ ಇದ್ದದ್ದು ಅಲ್ಲಿಂದ ಮುಂದೆ.

ಮೊದಲ ಸಲ ಹೋದಾಗ ಮೈಬೂಬ ಹ್ಯಾಂಡಲ್ ತಿರುಗಿಸಿ ಆ ಮಣ್ಣಿನ ಹಾದಿಗೆ ಇಳಿಯಲು ಹೋದ. ಮಲ್ಲಣ್ಣ ನೆಟ್ಟಗಿದ್ದ ಎಡಗೈಯಿಂದ ಅವನ ಅಂಗಿ ಹಿಡಿದು ಜಗ್ಗಿದ. ಒಳಗೆ ಮೋಟಾರು ಗಾಲಿ ಹೋಗಕೂಡದು ಎಂದ. ಹಾಗಾದರೆ ಇಷ್ಟು ದೂರ ಬಂದದ್ದೇಕೆ ಎಂದು ನಾನು ಕೇಳಿದೆ. "ಇಲ್ಲಿ ತನಕ ಬರೋದು ನನ್ನ ಕೈಯಾಗ ಅದ. ಮುಂದಿಂದು ಇಲ್ಲ" ಎಂದು ಹೂವಿನ ಪೊಟ್ಟಣ ನನ್ನ ಕೈಗೆ ಕೊಟ್ಟ. ವೈಷ್ಣವನಾದ ನಾನು ಆ ಹಾದಿಯಲ್ಲಿ ನಡೆದುಹೋಗಿ, ಕಂಡು ಕೇಳದ ಹೆಂಗಸಿನ ಸಮಾಧಿಗೆ ವಿಭೂತಿ ಹಚ್ಚಿ, ಹೂವೇರಿಸಿ, ದೀಪ ಹಚ್ಚಿ ಬಂದೆ. ತಿರುಗಿ ಬಂದಾಗ ಮಲ್ಲಣ್ಣ ಟಂಟಂನಲ್ಲಿ ಕೂತು ಹಾದಿಯ ಕಡೆಗೇ ಮುಖ ಮಾಡಿದ್ದ. ಬಾಳೆ ಗಿಡ ಹೇಗಿವೆ, ಸಮಾಧಿಯ ಮೇಲೆ ಹುಲ್ಲು ಎದ್ದಿದೆಯೇ ಎಂದು ವಿಚಾರಿಸಿಕೊಂಡ. ನನಗೆ ಸಿಟ್ಟು ನೆತ್ತಿಗೇರಿತ್ತು. 

ಆ ಹಾದಿಯ ಕತೆಯನ್ನು ಆಮೇಲೆ ಅವನೇ ಹೇಳಿದ. ಹೊಲ ಜಯದೇವಿಯ ತವರಿನಿಂದ ಬಂದದ್ದು, ಆಕೆಯ ಹೆಸರಿಗೇ ಇತ್ತು. ಹಾದಿ ಆಕೆಯ ಹೊಲದ ಅಂಚಿನ ಮೇಲೆ ಹಾದು ಆಚೆ ನೀಲಕಂಠ ಎಂಬುವವನ ಹೊಲಕ್ಕೆ ಮುಟ್ಟುತ್ತಿತ್ತು. ಅಜ್ಜ ಮುತ್ತಜ್ಜರ ಕಾಲದಿಂದ ಎತ್ತಿನ ಬಂಡಿಗಳು ಓಡಾಡಿದ ಹಾದಿ. ನೀಲಕಂಠ ಟ್ರ್ಯಾಕ್ಟರ್ ತಂದ. ಎರೆ ನೆಲ, ಮಳೆಗಾಲ. ಟ್ರ್ಯಾಕ್ಟರಿನ ಗಾಲಿ ಇಳಿದ ಕಡೆಯೆಲ್ಲ ಮೊಳಕಾಲುದ್ದದ ತಗ್ಗು ಬಿತ್ತು, ಬಿಸಿಲು ಬಿದ್ದ ಮೇಲೆ ಅದು ಕಲ್ಲಿನ ಹಾಗೆ ಗಟ್ಟಿಯಾಯಿತು. ಮಲ್ಲಣ್ಣನ ಎತ್ತು ಆ ತಗ್ಗಿನಲ್ಲಿ ಕಾಲಿಟ್ಟು ಮುರಿದುಕೊಂಡಿತು. ತಾನೇ ಸಾಕಿದ ಎತ್ತು. 

ಆ ಮೇಲೆ ಬೈಗುಳ, ಬಡಿಗೆ, ತಹಸೀಲ ಕಚೇರಿ. ನಕಾಶೆಯಲ್ಲಿ ಹಾದಿ ಇತ್ತು. ಅದರ ಮೇಲೆ ಯಾವ ಗಾಲಿ ಹೋಗಬೇಕು, ಯಾವುದು ಹೋಗಬಾರದು ಎಂದು ನಕಾಶೆ ಹೇಳುವುದಿಲ್ಲ. ಕೋರ್ಟಿಗೆ ಹೋದರೆ ಗೆದ್ದವ ಸೋತ, ಸೋತವ ಸತ್ತ ಎಂದು ಊರ ಹಿರಿಯರು ನಡುವೆ ಬಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ಒಂದು ಫೈಸಲಾ ಮಾಡಿದರು. ಜಯದೇವಿ ಹಾದಿ ಮುಚ್ಚಬಾರದು. ಹಾದಿಯಲ್ಲಿ ಬಂಡಿ ಹೋಗಲಿ, ಮೋಟಾರು ಗಾಲಿ ಯಾರದೂ ಹೋಗಬಾರದು. ನೀಲಕಂಠ ಬೇಸಿಗೆಯಲ್ಲಿ ಒಣಗಿದ ಹಳ್ಳದೊಳಗಿಂದ ಟ್ರ್ಯಾಕ್ಟರ್ ಒಯ್ದು ಮಳೆಗಾಲ ಮುಗಿಯುವ ತನಕ ತನ್ನ ಹೊಲದಲ್ಲೇ ಇಟ್ಟುಕೊಳ್ಳಲಿ. ಇಷ್ಟಕ್ಕೆ ವಿಭೂತಿ ಗಟ್ಟಿಯ ಮೇಲೆ ಮೂವರೂ ಕೈ ಇಟ್ಟು ಆಣೆ ಮಾಡಿದರು. ಹೊಲದೊಡತಿ ಎಂದು ಮೊದಲ ಕೈ ಜಯದೇವಿಯದು, ಅದರ ಮೇಲೆ ಮಲ್ಲಣ್ಣನದು, ಅದರ ಮೇಲೆ ನೀಲಕಂಠನದು. ಆಣೆ ಬಿಡಬೇಕಾದರೆ ಇಟ್ಟವರೆಲ್ಲ ಒಪ್ಪಿ ಕೈ ತೆಗೆಯಬೇಕು. ಒಂದು ಕೈ ಉಳಿದರೂ ಆಣೆ ಉಳಿದಂತೆ.

ಈಗ ಮೊದಲ ಕೈಯವಳು ಮಣ್ಣಿನಲ್ಲಿದ್ದಾಳೆ. ಆಕೆಯನ್ನು ಕೇಳಲು ಹೋಗಬೇಕೆಂದರೆ ಆ ಹಾದಿಯಲ್ಲೇ ಹೋಗಬೇಕು. ಸತ್ತವರ ಜೊತೆಗೆ ಅವರ ಆಣೆಯೂ ಹೋಯಿತು ಎಂದು ನಾನು ವಾದಿಸಿದೆ. ಅಂಬಿಕಾ ಅತ್ತು ಕರೆದು ಹೇಳಿದಳು. ನಾಲ್ಕು ಜನ ಸೇರಿ ಕುರ್ಚಿಯಲ್ಲಿ ಕೂಡಿಸಿ ಎತ್ತಿಕೊಂಡು ಹೋಗುತ್ತೇವೆ ಎಂದರೆ, ನಾಲ್ಕು ಮಂದಿಯ ಹೆಗಲೇರುವ ದಿವಸ ಬೇರೆ ಇದೆ, ಅದಕ್ಕೇಕೆ ಅವಸರ ಎಂದು ನಕ್ಕ. ಒಂದು ಬೇಸಿಗೆಯಲ್ಲಿ ಪಕ್ಕದ ಊರಿನವನೊಬ್ಬನ ಎತ್ತಿನ ಬಂಡಿ ಸಿಕ್ಕಿತ್ತು. ಆಗ ಮಲ್ಲಣ್ಣ ಬಂಡಿಯಲ್ಲಿ ಹೋಗಿ ಸಮಾಧಿಯ ಹತ್ತಿರ ಕೂತು ಬಂದ. ಬರುವಾಗ ದಾರಿಯುದ್ದಕ್ಕೂ ತವರಿಗೆ ಹೋಗಿ ಬಂದವರ ಹಾಗೆ ಮಾತಾಡಿದ. ಬಳಿಕ ಆ ರೈತನೂ ಎತ್ತು ಮಾರಿದ. ಸುತ್ತ ಊರುಗಳಲ್ಲಿ ಈಗ ಬಂಡಿ ಹೂಡುವವರೇ ಇಲ್ಲ.

ಇಷ್ಟು ಹಟ ಯಾಕೆ ಎಂದು ಒಂದು ದಿನ ನಾನು ರೇಗಿಯೇ ಕೇಳಿದೆ. ಆಗ ಅವನು ಜಯದೇವಿ ಸತ್ತ ದಿನದ ಮಾತು ಹೇಳಿದ. ಮಳೆಗಾಲ. ಬಾಳೆಗೊನೆ ಹೇರಿಕೊಂಡು ಬಂಡಿ ಹೊಡೆದು ಮಲ್ಲಣ್ಣ ಕಮಲಾಪುರಕ್ಕೆ ಹೋಗಿದ್ದ. ಮನೆಗೊಂದೇ ಫೋನು, ಅದೂ ಅವನ ಜೇಬಿನಲ್ಲಿತ್ತು. ಹೊಲದಲ್ಲಿ ಒಬ್ಬಳೇ ಇದ್ದ ಜಯದೇವಿಗೆ ಎದೆನೋವು ಬಂತು. ಆ ಕೆಸರಿನಲ್ಲಿ ನಡೆದುಕೊಂಡೇ ರಸ್ತೆಗೆ ಬಂದಳು, ಹಾದಿಯ ಬಾಯಲ್ಲಿ ಬಿದ್ದಳು. ಯಾರೋ ಜೀಪಿನವರು ಎತ್ತಿಕೊಂಡು ಕಲಬುರಗಿಗೆ ಒಯ್ದರು. ದವಾಖಾನೆ ಮುಟ್ಟುವುದರೊಳಗೆ ಮುಗಿದಿತ್ತು.

"ನೀಲಕಂಠನ ಟ್ರ್ಯಾಕ್ಟರ ಕಣ್ಣ ಮುಂದ ನಿಂತಿತ್ರೀ. ಒಂದು ಮಾತು ಕೇಳಿದ್ರ ಬದುಕ್ತಿದ್ಲು. ಕೇಳ್ಲಿಲ್ಲ. ಕೊಟ್ಟ ಮಾತಿಗೆ ಜೀವಾ ಕೊಟ್ಟಾಳ" ಎಂದ ಮಲ್ಲಣ್ಣ. "ಆಕಿ ಸಾಯ್ಲಾಕ ನಡದು ಬಂದ ಹಾದ್ಯಾಗ ನಾ ಮೋಟಾರ ಏರಿ ಹೋಗ್ಲೇನು ರಾಯರ?"

ಅವನ ಮುಖದಲ್ಲಿ ದುಃಖ ಇತ್ತು. ದುಃಖಕ್ಕಿಂತ ಹೆಚ್ಚು ಹೆಮ್ಮೆ ಇತ್ತು. ಆ ಹೆಮ್ಮೆ ನೋಡಿ ನನಗೆ ಸಂಕಟವಾಯಿತು. ಒಂದು ಮಾತಿಗೆ ಹೆಂಗಸಿನ ಜೀವ ಹೋಯಿತೆಂದರೆ ಅಂಥ ಮಾತಿಗೆ ಬೆಂಕಿ ಬೀಳಲಿ ಎಂದು ನನ್ನ ಬಾಯಿಗೆ ಬಂದಿತ್ತು. ಆದರೆ ಅರ್ಧ ದೇಹ ಸೋತವನು ಹಿಡಿದುಕೊಂಡು ಕೂತಿದ್ದ ಊರುಗೋಲು ಅದು. 

ನೀಲಕಂಠನನ್ನು ನಾನು ಪ್ರತಿ ಅಮಾಸೆಗೂ ನೋಡುತ್ತಿದ್ದೆ. ಟಂಟಂ ನಿಂತ ಕೂಡಲೇ ತನ್ನ ಬದುವಿನ ಮೇಲೆ ಬಂದು ನಿಲ್ಲುತ್ತಿದ್ದ, ಹತ್ತಿರ ಬರುತ್ತಿರಲಿಲ್ಲ. ನಾನು ಹೂವು ಹಿಡಿದು ನಡೆದರೆ ತಲೆಯ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿಯುತ್ತಿದ್ದ. ಮಲ್ಲಣ್ಣ ಊರು ಬಿಟ್ಟ ಮೇಲೂ ಅವನು ಟ್ರ್ಯಾಕ್ಟರನ್ನು ಆ ಹಾದಿಗೆ ಇಳಿಸಿರಲಿಲ್ಲ. ಈಗ ತಡೆಯುವವರು ಯಾರೂ ಇರಲಿಲ್ಲ, ಆದರೂ ಹಳ್ಳದ ಸುತ್ತು ಹಾದಿಯೇ ಅವನಿಗೆ ಗತಿ. ವೈರಿಯಾದರೂ ಮಾತಿನ ಮನುಷ್ಯ ಎಂದು ಮಲ್ಲಣ್ಣ ಅವನನ್ನು ಮೆಚ್ಚುತ್ತಿದ್ದ. ಇಬ್ಬರಿಗೂ ಒಂದೇ ಹುಚ್ಚು ಎಂದು ನಾನು ಅಂದುಕೊಂಡಿದ್ದೆ.

ಕಳೆದ ಮಳೆಗಾಲದ ಕೊನೆಗೆ ಮಲ್ಲಣ್ಣನಿಗೆ ಲಕ್ವಾ ಎರಡನೆಯ ಸಲ ಹೊಡೆಯಿತು. ಮಾತು ತೊದಲತೊಡಗಿತು. ಇನ್ನು ಹೆಚ್ಚು ತಿರುಗಾಡಿಸಬೇಡಿ ಎಂದು ಡಾಕ್ಟರು ಹೇಳಿದರು. ಇದೊಂದು ಅಮಾಸೆಗೆ ಹೋಗಿ ಬರುತ್ತೇನೆ ಎಂದು ಅವನು ಅಂಬಿಕಾಳನ್ನು ಬೇಡಿಕೊಂಡ. ಮೈಬೂಬ ಹಿಂದಿನ ಸೀಟಿಗೆ ಗಾದಿ ಹಾಸಿದ. ಹಾದಿಯ ಬಾಯಿಗೆ ಮುಟ್ಟಿದಾಗ ಮಲ್ಲಣ್ಣ ತಲೆ ಎತ್ತಿ ಒಳಗೆ ನೋಡಲು ಹವಣಿಸಿದ. ಬಾಳೆಗಿಡಗಳ ಮರೆಯಿಂದ ಸಮಾಧಿ ಕಾಣುತ್ತಿರಲಿಲ್ಲ. ಎರಡು ಸಲ ಕತ್ತು ಉದ್ದ ಮಾಡಿ, ಆಮೇಲೆ ಬಿಟ್ಟುಕೊಟ್ಟು ಕಣ್ಣು ಮುಚ್ಚಿದ.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಹೂವಿನ ಪೊಟ್ಟಣ ಸೀಟಿನ ಮೇಲೆ ಒಗೆದು ನೇರ ಬದುವಿಗೆ ಹೋದೆ. ನೀಲಕಂಠನ ಎದುರು ನಿಂತು ಬಾಯಿಗೆ ಬಂದದ್ದು ಅಂದೆ. ಅಲ್ಲಿ ಒಬ್ಬ ಸಾಯಲು ಬಿದ್ದಿದ್ದಾನೆ, ನೀನು ಟವೆಲ್ ಹಿಡಿದು ನಿಂತಿದ್ದೀಯಲ್ಲ, ನಿನ್ನ ಕೈಯಾದರೂ ತೆಗೆಯಬಾರದೇ ಎಂದೆ. ಅವನು ನನ್ನ ಹಿಂದೆ ನಡೆದು ಬಂದ. ಟಂಟಂನ ಸರಳು ಹಿಡಿದು ನಿಂತ.

"ಗಾಡಿ ಒಳಗ ಹೋಗ್ಲಿ ಮಲ್ಲಣ್ಣ. ನನ್ನ ಕೈ ನಾ ತೆಗ್ದೀನಿ."

ಮಲ್ಲಣ್ಣ ಕಣ್ಣು ತೆರೆದ. ಇಷ್ಟು ವರ್ಷಗಳಲ್ಲಿ ಇಬ್ಬರ ನಡುವೆ ಇದೇ ಮೊದಲ ಮಾತು. ತೊದಲುತ್ತಾ, ನಿಂದು ತೆಗೆದೆ, ನಂದೂ ತೆಗೆದೇನು, ಆದರೆ ಆಕೆ ಸಾಯುವಾಗಲೂ ತನ್ನ ಕೈ ತೆಗೆಯಲಿಲ್ಲವಲ್ಲ ಎಂದ.

"ತೆಗ್ದಿದ್ಲು" ಎಂದ ನೀಲಕಂಠ.

ಮೈಬೂಬ ಎಂಜಿನ್ ಬಂದ್ ಮಾಡಿದ. ನೀಲಕಂಠ ನೆಲ ನೋಡುತ್ತಾ ಹೇಳಿದ. "ಆವತ್ತು ಎದಿ ಹಿಡ್ಕೊಂಡು ಇದೇ ಬದುವಿಗೆ ಬಂದಿದ್ಲು. ಅಣ್ಣಾ, ಆಣಿ ಸಾಕು, ನನ್ನ ಕೈ ತೆಗ್ದೀನಿ, ಟ್ರ್ಯಾಕ್ಟರನ್ಯಾಗ ರೋಡಿಗೆ ಮುಟ್ಸು ಅಂದ್ಲು. ನಾ ಒಯ್ಲಿಲ್ಲ. ನಿನ್ನ ಗಂಡನ್ನ ಕರ್ಕೊಂಡು ಬಾ, ಅವನೂ ಕೈ ತೆಗೀಲಿ ಅಂದೆ. ಸುಮ್ಮ ಕಾಡಬೇಕಂತ ಅಂದೆ ಮಲ್ಲಣ್ಣ. ಹಿಂಗಾಗ್ತದಂತ ತಿಳೀಲಿಲ್ಲ."

ಅವನು ಅಳಲಿಲ್ಲ, ಕ್ಷಮಿಸು ಎಂದೂ ಕೇಳಲಿಲ್ಲ. ಮಲ್ಲಣ್ಣ ಅವನ ಮುಖ ನೋಡಿದ. ಬೈಯುತ್ತಾನೆ ಎಂದು ನಾನು ಕಾದೆ, ಬೈದರೆ ಚೆನ್ನಾಗಿತ್ತು. ಅವನು ಎಡಗೈ ಎತ್ತಿ ಮೈಬೂಬನಿಗೆ ಒಳಗೆ ನಡೆ ಎಂದು ಸನ್ನೆ ಮಾಡಿದ.

ಟಂಟಂ ಮೊದಲ ಸಲ ಆ ಹಾದಿಗೆ ಇಳಿಯಿತು. ಮೈಬೂಬ ಒಂದೊಂದು ತಗ್ಗನ್ನೂ ನೋಡಿ ನಿಧಾನಕ್ಕೆ ದಾಟಿಸಿದ. ಹೂವು ಹೊತ್ತು ನಾನು ಎಷ್ಟೋ ಸಲ ನಡೆದ ಹಾದಿ, ಗಾಲಿಯ ಮೇಲೆ ಅದು ಬೀಡಿ ಸೇದುವಷ್ಟು ಹೊತ್ತಿನದೂ ಅಲ್ಲ. ಅಷ್ಟೇ ಹಾದಿ ಆ ತಾಯಿ ಎದೆ ಹಿಡಿದುಕೊಂಡು ಕೆಸರಿನಲ್ಲಿ ನಡೆದಿದ್ದಳು ಎಂದು ನೆನೆದು ನನಗೆ ಕಣ್ಣೀರು ತಡೆಯಲಾಗಲಿಲ್ಲ. ಸಮಾಧಿಯ ಮುಂದೆ ಟಂಟಂ ನಿಂತಿತು. ಇಳಿಸುತ್ತೇವೆ ಎಂದರೆ ಮಲ್ಲಣ್ಣ ಬೇಡವೆಂದು ತಲೆಯಾಡಿಸಿದ. ನನ್ನ ತೋಳು ಹಿಡಿದು ಹತ್ತಿರಕ್ಕೆ ಎಳೆದುಕೊಂಡ. ಅವನ ತೊದಲು ಮಾತು ಅರ್ಥವಾಗಲು ನಾನು ಕಿವಿಯನ್ನು ಅವನ ಬಾಯಿಯ ಹತ್ತಿರ ಒಯ್ಯಬೇಕಾಯಿತು.

"ನೀಲಕಂಠಗ ಏನ್ ಅನ್ಲಿ ರಾಯರ. ಆವತ್ತು ಆಕಿ ನನ್ನ ಕೇಳಿದ್ರ, ನಾನೂ ಕೈ ತೆಗೀತಿದ್ದಿಲ್ಲ."

ಹಾಗಲ್ಲ, ಹೆಂಡತಿಯ ಜೀವ ಹೋಗುವಾಗ ಯಾರಾದರೂ ತೆಗೆಯುತ್ತಾರೆ ಎಂದು ನಾನು ಹೇಳಬಹುದಿತ್ತು. ಆದರೆ ಇಷ್ಟು ವರ್ಷ ಅವನನ್ನು ನೋಡಿದವನು ನಾನು.

ಆಣೆ ಬಿಟ್ಟ ಸುದ್ದಿ ಊರಿಗೆಲ್ಲ ಮುಟ್ಟಿತು. ಈಗ ಆ ಹಾದಿಯಲ್ಲಿ ಬಾಳೆಗೊನೆ ಹೇರಿದ ಟೆಂಪೋಗಳು ಬರುತ್ತವೆ, ಮೋಟಾರು ಸೈಕಲ್ಲುಗಳು ಓಡಾಡುತ್ತವೆ. ನೀಲಕಂಠ ಹಾದಿಯ ತಗ್ಗಿಗೆಲ್ಲ ಗರಸು ಮಣ್ಣು ಹಾಕಿಸಿದ್ದಾನೆ. ತನ್ನ ಟ್ರ್ಯಾಕ್ಟರನ್ನು ಮಾತ್ರ ಇನ್ನೂ ಹಳ್ಳದ ಕಡೆಯಿಂದಲೇ ಒಯ್ಯುತ್ತಾನೆ.

ಮುಂದಿನ ಅಮಾಸೆಗೆ ಮೈಬೂಬ ಮೊದಲಿನಂತೆ ಗಾದಿ ಹಾಸಿಕೊಂಡು ಬಾಗಿಲಿಗೆ ಬಂದ. ಅಂಬಿಕಾ ಅಪ್ಪನಿಗೆ ಒಗೆದ ಅಂಗಿ ತೊಡಿಸಿ ಕೂಡಿಸಿದ್ದಳು. ನಾನು ಶರಣಬಸವೇಶ್ವರ ಗುಡಿಯ ಮುಂದಿನ ಅಂಗಡಿಯಿಂದ ಹೂವು ತಂದಿದ್ದೆ. ಇನ್ನು ನಡೆಯೋಣವೇ, ಈ ಸಲ ಸೀದಾ ಆಕೆಯ ಮುಂದೆಯೇ ನಿಲ್ಲಿಸೋಣ ಎಂದೆ. ಮಲ್ಲಣ್ಣ ಗೋಡೆಯ ಕಡೆ ಮುಖ ಹೊರಳಿಸಿದ.

"ನೀವೇ ಹೋಗಿ ಬರ್ರಿ ರಾಯರ. ನಾ ಯಾವ ಮಾರಿ ತಗೊಂಡು ಆಕಿ ಮುಂದ ಹೋಗ್ಲಿ."

ಅಂಬಿಕಾ ಹೇಳಿದಳು, ಶುಭದಾ ಬಂದು ಹೇಳಿದಳು. ಅವನು ತಿರುಗಲಿಲ್ಲ. ಕಡೆಗೆ ನಾನು ಹೂವು ಹಿಡಿದು ಹೊರಟೆ. ಮೈಬೂಬ ಹಾದಿಯ ಬಾಯಲ್ಲಿ ಅಭ್ಯಾಸಬಲದಿಂದ ಒಂದು ಕ್ಷಣ ನಿಲ್ಲಿಸಿದ, ಆಮೇಲೆ ಒಳಗೆ ನಡೆಸಿದ. ಟಂಟಂ ಜಯದೇವಿಯ ಸಮಾಧಿಯ ಮುಂದೆಯೇ ಹೋಗಿ ನಿಂತಿತು. ಹಿಂದಿನ ಸೀಟಿನಲ್ಲಿ ಖಾಲಿ ಗಾದಿಯ ಪಕ್ಕ ನಾನೊಬ್ಬನೇ ಕೂತಿದ್ದೆ.