ಹಲ್ಲು ಕಾಣುವ ಮುಖಗಳು

ಟೆಕ್ಸಸ್‌ನ ಯೂಲೆಸ್ ಎಂಬ ಊರಿನಲ್ಲಿರುವ ಗುರವ್ವನ ಮನೆಯ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ. ಅಲ್ಲಿ ಜಾಂಬಿಯಾ ದೇಶದ ಹುಲ್ಲಿನ ಬುಟ್ಟಿಗಳು, ಮಣಿಸರಗಳು, ಬಣ್ಣದ ಬಟ್ಟೆಯ ಚೀಲಗಳು ತುಂಬಿವೆ. ಡಾಲಸ್, ಹ್ಯೂಸ್ಟನ್, ಆಸ್ಟಿನ್, ಎಲ್ಲಿ ಕನ್ನಡದವರ ಹಬ್ಬವೋ ಅಲ್ಲಿ ಗುರವ್ವನ ಮೇಜು. ಬಂದ ದುಡ್ಡು ಜಾಂಬಿಯಾದ ಕಿಟ್ವೆ ಎಂಬ ಊರಿನ ಒಂದು ಆರೈಕೆ ಮನೆಗೆ ಹೋಗುತ್ತದೆ. ಇನ್ನು ವಾಸಿಯಾಗುವುದಿಲ್ಲ ಎಂದು ಆಸ್ಪತ್ರೆ ಕೈಬಿಟ್ಟವರು ನರಳದೆ ಕಣ್ಣು ಮುಚ್ಚಲಿ ಎಂದು ನಡೆಸುವ ಮನೆ ಅದು. ಅವರು ಬಿಟ್ಟುಹೋದ ಮಕ್ಕಳನ್ನು ಅಜ್ಜಿಯರು ಸಾಕುತ್ತಾರೆ. ಅಜ್ಜಿಯರ ಒಲೆ ಹೊತ್ತುವುದೂ ಈ ದುಡ್ಡಿನಿಂದಲೇ.

ಗುರವ್ವ ಗದಗಿನವಳು. ಗಂಡ ಸಿದ್ಧಾರೂಢ ಕಿಟ್ವೆಯ ಶಾಲೆಯಲ್ಲಿ ಗಣಿತದ ಮಾಸ್ತರನಾಗಿದ್ದಾಗ ಪಕ್ಕದ ಮನೆಯಲ್ಲಿದ್ದವಳು ನರ್ಸ್ ಮುಟಾಲೆ. ತವರಿನವರು ಯಾರೂ ಇಲ್ಲದ ಊರಿನಲ್ಲಿ ಗುರವ್ವನ ಬಾಣಂತನ ಮಾಡಿದವಳು ಅವಳೇ. ಮುಂದೆ ಆರೈಕೆ ಮನೆ ಕಟ್ಟಿದವಳೂ ಅವಳೇ. ಟೆಕ್ಸಸ್‌ನ ಶಾಲೆಗಳಿಗೆ ಮಾಸ್ತರರು ಬೇಕಾದಾಗ ಗಂಡ ಹೆಂಡತಿ ಇತ್ತ ಬಂದರು. ಬಾಣಂತನದ ಋಣವನ್ನು ಗುರವ್ವ ಬುಟ್ಟಿ ಮಾರಿ ತೀರಿಸತೊಡಗಿದಳು.

ಎರಡು ವರ್ಷದ ಹಿಂದೆ ಕಿಟ್ವೆಯ ಪೆಟ್ಟಿಗೆಯಲ್ಲಿ ಬುಟ್ಟಿಗಳ ಜೊತೆ ಮರದ ಮುಖಗಳೂ ಬಂದವು. ಕೆತ್ತಿದವನು ಬ್ವಾಲ್ಯ. ಹೆಂಡತಿಯನ್ನು ಆರೈಕೆ ಮನೆಗೆ ಕರೆತಂದು, ಅವಳು ತೀರಿಕೊಂಡ ಮೇಲೂ ಅಲ್ಲೇ ಉಳಿದು, ಮುರಿದ ಮಂಚ ರಿಪೇರಿ ಮಾಡಿಕೊಂಡಿದ್ದವನು. ಬಿಡುವಾದಾಗ ಮಕ್ಕಳನ್ನು ಸಾಕುವ ಅಜ್ಜಿಯರನ್ನು ಎದುರಿಗೆ ಕೂರಿಸಿಕೊಂಡು ಅವರ ಮುಖ ಕೆತ್ತುತ್ತಿದ್ದ.

ಕ್ಯಾರಲ್ಟನ್‌ನ ಯುಗಾದಿ ಮೇಳದಲ್ಲಿ ಬುಟ್ಟಿ ಖಾಲಿಯಾದವು, ಮುಖಗಳನ್ನು ಯಾರೂ ಮುಟ್ಟಲಿಲ್ಲ. ಊಟದ ಹೊತ್ತಿಗೆ ಒಬ್ಬಾಕೆ ಒಂದನ್ನು ಎತ್ತಿ ಹಿಡಿದಳು.

"ಆಂಟಿ, ದೃಷ್ಟಿ ಬೊಂಬೆಗೆ ಇದು ಸಕತ್ತಾಗಿರುತ್ತೆ ಅಲ್ವಾ? ನೋಡಿದ್ರೇನೇ ಭಯ ಆಗುತ್ತೆ!"

ಗುರವ್ವ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕಾಗದದಲ್ಲಿ ಸುತ್ತಿ ಕೊಟ್ಟಳು. ಮುಂದಿನ ಹಬ್ಬದಲ್ಲಿ ಅವಳ ಬಾಯೇ ಮೊದಲು ತೆರೆಯಿತು: "ಹೊಸಾ ಮನಿಗೆ ಛಲೋ ದೃಷ್ಟಿ ಗೊಂಬಿ ನೋಡ್ರಿ."

ಊರಿನಲ್ಲಿ ಬೂದುಗುಂಬಳಕ್ಕೆ ಮೀಸೆ ಬರೆದು ನೇತುಹಾಕಿದ ಜನ ನಾವು. ಇಲ್ಲಿ ಕಪ್ಪು ಹೆಂಗಸಿನ ಮುಖ ಸಿಕ್ಕಿತು, ಮೀಸೆ ಬರೆಯುವ ಕೆಲಸವೂ ಉಳಿಯಿತು. ಆಫೀಸಿನಲ್ಲಿ ತಮ್ಮ ಬಣ್ಣಕ್ಕೆ ಅವಮಾನವಾಯಿತೆಂದು ವಾಟ್ಸಾಪಿನಲ್ಲಿ ಉದ್ದುದ್ದ ಬರೆಯುವವರೂ ಒಂದೊಂದು ಕೊಂಡುಹೋದರು.

"ಏ ಗುರವ್ವಾ, ಯಾರದೋ ಅಜ್ಜಿನ್ನ ಯಾರದೋ ಬಾಗಲಾ ಕಾಯಾಕ ಹಚ್ಚಾಕತ್ತಿಯಲ್ಲ," ಎಂದ ಸಿದ್ಧಾರೂಢ ವ್ಯಾನ್ ಓಡಿಸುತ್ತ.

"ನೀವು ಮುಂದ ನೋಡಿ ಗಾಡಿ ಹೊಡೀರಿ. ನೋವಿನ ಔಷಧಕ್ಕ ರೊಕ್ಕಾ ನಿಮ್ಮಪ್ಪ ಕೊಡ್ತಾನೇನು?"

"ನಮ್ಮಪ್ಪ ಯಾವಾಗ್ಲೋ ಸತ್ತಾನ, ಅವನ ಮಾರಿನೂ ಕೆತ್ತಸು. ಅದೂ ಹಂಗ ಇತ್ತು."

ಹಲ್ಲು ಕಾಣುವ ಮುಖಗಳು ಬೇಗ ಹೋಗುತ್ತಿದ್ದವು. ಅಂಥವನ್ನೇ ಹೆಚ್ಚು ಕಳಿಸು ಎಂದು ಗುರವ್ವ ಮುಟಾಲೆಗೆ ಮೆಸೇಜ್ ಮಾಡಿದಳು. ಏಕೆಂದು ಹೇಳಲಿಲ್ಲ.

ಈ ವರ್ಷ ಆರೈಕೆ ಮನೆಗೆ ಹಣ ಕೊಡುತ್ತಿದ್ದ ದೊಡ್ಡ ದಾನಿ ಕೈ ಎತ್ತಿಬಿಟ್ಟರು. ಬೇರೆ ದಾರಿಯಾಗದಿದ್ದರೆ ಎರಡರಲ್ಲಿ ಒಂದು ವಾರ್ಡು ಮುಚ್ಚಬೇಕು. ಹ್ಯೂಸ್ಟನ್ನಿನ ಕನ್ನಡ ಕೂಟಕ್ಕೊಂದು ದಾನದ ಕಮಿಟಿಯಿದೆ. ಗುರವ್ವ ಅದರ ಮೊರೆ ಹೋದಳು. ಅದರ ಮುಖ್ಯಸ್ಥ, ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿ ಮನೆ ಕಟ್ಟಿಸಿರುವ ಎಂಜಿನಿಯರ್ ಪ್ರಭಂಜನ. ನರ್ಸುಗಳ ಸಭೆಗೆ ಮುಟಾಲೆ ಹ್ಯೂಸ್ಟನ್ನಿಗೇ ಬರುತ್ತಾಳೆಂದು ತಿಳಿದು ಆತ ಉತ್ಸಾಹದಿಂದ ಹೇಳಿದ: "ಶನಿವಾರ ಊಟಕ್ಕೆ ಕರ್ಕೊಂಡ್ಬನ್ನಿ ಆಂಟಿ. ನಾನೊಂದ್ಸಲ ಮಾತಾಡಿಬಿಟ್ರೆ ಕಮಿಟೀಲಿ ಯಾರೂ ಬೇಡ ಅನ್ನಲ್ಲ."

ಪ್ರಭಂಜನನ ಮುಂಬಾಗಿಲ ಮೇಲೆ ಗುರವ್ವನೇ ಮಾರಿದ ಮುಖವಿತ್ತು. ಅವನ ಹೆಂಡತಿ ಕೃಷ್ಣವೇಣಿಗೆ ಫೋನ್ ಹಚ್ಚಿದಳು.

"ಒಂದ ದಿನದ ಮಟ್ಟಿಗೆ ಆ ಗೊಂಬಿ ತಗದಿಡವಾ, ನಿನಗ ಪುಣ್ಯ ಬರ್ತದ."

"ಅಯ್ಯೋ ಆಂಟಿ, ಗೃಹಪ್ರವೇಶದ ದಿನ ಪುರೋಹಿತ್ರು ಮಂತ್ರ ಹೇಳಿ ಕಟ್ಸಿದ್ದು, ತೆಗೀಬಾರ್ದು. ದೆವ್ವದ ವೇಷದ ಹ್ಯಾಲೋವೀನ್ ಹಬ್ಬ ಮುಗೀತು, ತೆಗೀರಿ ಅಂತ ಕಾಲೋನಿಯವ್ರು ಬಂದಾಗ್ಲೂ ಇವ್ರು ಇದು ನಮ್ ಧರ್ಮ ಅಂತ ಜಗಳ ಆಡಿ ಉಳಿಸ್ಕೊಂಡಿದಾರೆ. ಯಾಕಾಂಟಿ?"

"ಏನಿಲ್ಲ ಬಿಡು," ಎಂದಳು ಗುರವ್ವ.

ಶನಿವಾರ ಮಧ್ಯಾಹ್ನ ವ್ಯಾನು ಕೇಟಿಯ ಆ ಮನೆಯ ಮುಂದೆ ನಿಂತಿತು. ಮುಟಾಲೆ ಇಳಿದು ತಲೆಯೆತ್ತಿ ನೋಡಿ ಅಲ್ಲೇ ನಿಂತುಬಿಟ್ಟಳು. ಬಾಗಿಲ ಮೇಲಿನ ಮುಖದ ಹಣೆಗೆ ಢಾಳಾದ ಕುಂಕುಮ. ಗಲ್ಲದ ಕೆಳಗೆ ನಿಂಬೆಹಣ್ಣು, ಮೆಣಸಿನಕಾಯಿಯ ಸರ.

"ಬನಾ ಚಂದಾ!" ಎಂದು ಕೂಗಿದಳು. ಚಂದಾನ ಅಮ್ಮ ಎಂದರ್ಥ, ಆ ಅಜ್ಜಿಯನ್ನು ಊರೆಲ್ಲ ಹಾಗೆ ಕರೆಯುತ್ತಿತ್ತು. "ಗುರವ್ವಾ, ಇವಳು ಹೋದ ತಿಂಗಳು ತೀರಿಕೊಂಡಳು. ನೋಡು ಇಲ್ಲಿ ಹೇಗಿದ್ದಾಳೆ! ತಿಲಕ ಇಟ್ಟಿದ್ದೀರಿ, ಹಾರ ಹಾಕಿದ್ದೀರಿ. ನಿಮ್ಮಲ್ಲಿ ಹಿರಿಯರಿಗೆ ಹೀಗೇ ಮರ್ಯಾದೆ ಮಾಡುವುದಾ?"

ಅವಳ ಇಂಗ್ಲಿಷು ಎಲ್ಲರಿಗೂ ಅರ್ಥವಾಗಿತ್ತು. ಪ್ರಭಂಜನ ಗುರವ್ವನ ಮುಖ ನೋಡಿದ. ಗುರವ್ವ ಚಪ್ಪಲಿ ಬಿಡುವುದಕ್ಕೆ ಬಗ್ಗಿದಳು.

"ಎಸ್, ಎಸ್," ಎಂದ ಪ್ರಭಂಜನ. "ಹಿರಿಯರು ಅಂದ್ರೆ ನಮಗೆ ದೇವರಿದ್ದ ಹಾಗೆ."

ಊಟಕ್ಕೆ ಕೂತರು. ಬಿಸಿಬೇಳೆಭಾತ್ ಬಂತು, ಕೋಸಂಬರಿ ಬಂತು. ಮುಟಾಲೆ ವಾರ್ಡಿನ ಕಥೆ ಹೇಳಿದಳು, ಪ್ರಭಂಜನ ಕರಗಿದ. ಒಂದು ವರ್ಷದ ಖರ್ಚೇ ಏಕೆ, ಎರಡು ವರ್ಷದ್ದು ಕೊಡೋಣ, ನಾನು ಮಾಡಿಸುತ್ತೇನೆ ಎಂದ. ಸಿದ್ಧಾರೂಢ ತಲೆಯೆತ್ತದೆ ಉಣ್ಣುತ್ತಿದ್ದ. ಬಾಗಿಲಲ್ಲಿ ತೆಗೆದ ಫೋಟೋವನ್ನು ಮುಟಾಲೆ ಫೋನಿನಲ್ಲಿ ಎಲ್ಲರಿಗೂ ತೋರಿಸಿದಳು. "ಇವಳ ಮೊಮ್ಮಕ್ಕಳಿಗೆ ಈಗಲೇ ಕಳಿಸುತ್ತೇನೆ. ಅಜ್ಜಿಯನ್ನು ನೆನೆದು ದಿನಾ ಅಳುತ್ತವೆ. ಅಮೆರಿಕದ ದೊಡ್ಡ ಮನೆಯಲ್ಲಿ ಪೂಜೆ ಮಾಡುತ್ತಾರೆ ಎಂದು ಗೊತ್ತಾಗಲಿ."

ಬೆರಳು ಇನ್ನೇನು ಒತ್ತಬೇಕು.

"ಕಳಸಬ್ಯಾಡ," ಎಂದಳು ಗುರವ್ವ. ಕನ್ನಡದಲ್ಲಿ ಬಂದುಬಿಟ್ಟಿತ್ತು. ಮತ್ತೆ ಇಂಗ್ಲಿಷಿನಲ್ಲಿ ಹೇಳಿದಳು. ಅದು ಪೂಜೆಯಲ್ಲ. ಕೆಟ್ಟ ಕಣ್ಣು ಬೀಳಬಾರದೆಂದು ನಮ್ಮವರು ಮನೆಯ ಮುಂದೆ ವಿಕಾರವಾದ ಮುಖ ಕಟ್ಟುತ್ತಾರೆ. ಇದನ್ನು ಹಾಗೆಂದು ಹೇಳಿಯೇ ನಾನು ಮಾರಿದ್ದು. ಇದೊಂದನ್ನಲ್ಲ, ಎಲ್ಲವನ್ನೂ.

ಕೃಷ್ಣವೇಣಿ ಬಡಿಸುವ ಸೌಟು ಹಿಡಿದು ನಿಂತಲ್ಲೇ ನಿಂತಳು.

"ಆಂಟಿ, ಏನ್ ಅವಶ್ಯಕತೆ ಇತ್ತು? ಎಲ್ಲಾ ಚೆನ್ನಾಗೇ ಹೋಗ್ತಿತ್ತಲ್ಲ," ಎಂದ ಪ್ರಭಂಜನ ಹಲ್ಲು ಕಚ್ಚಿ.

"ಸತ್ತ ಮುದುಕಿ ಮೊಮ್ಮಕ್ಕಳ ಮುಂದ ಸುಳ್ಳು ಹೇಳಾಕ ಆಗಲಿಲ್ಲೋ ತಮ್ಮಾ."

ಮುಟಾಲೆ ಫೋನನ್ನು ಮೇಜಿನ ಮೇಲೆ ಮಗುಚಿಟ್ಟಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು.

"ಹಲ್ಲು ಕಾಣುವಂಥವು ಬೇಕು ಅಂದದ್ದು ಅದಕ್ಕಾ?"

"ಹೌದು."

"ನಿಮ್ಮ ಜನಕ್ಕೆ ನಮ್ಮ ಅಜ್ಜಿಯರ ನಗು ಇಷ್ಟವಾಗಿದೆ ಎಂದುಕೊಂಡಿದ್ದೆವು. ಅವರನ್ನು ನಗಿಸಲೆಂದೇ ಬ್ವಾಲ್ಯ ಎಲ್ಲೆಲ್ಲಿಂದಲೋ ಜೋಕು ಕಲಿತು ಬರುತ್ತಾನೆ. ನಗುವಾಗ ಕೆತ್ತುತ್ತಾನೆ."

ಹೊರಡುವಾಗ ಪ್ರಭಂಜನ "ಕಮಿಟಿಯವ್ರನ್ನ ಕೇಳಿ ತಿಳಿಸ್ತೀನಿ" ಎಂದ. ನಮ್ಮ ಸಂಘಗಳ ಭಾಷೆಯಲ್ಲಿ ಇಲ್ಲ ಎನ್ನುವುದಕ್ಕೆ ಇಷ್ಟು ಉದ್ದದ ವಾಕ್ಯ ಬೇಕಾಗುತ್ತದೆ. ವ್ಯಾನಿನಲ್ಲಿ ಮುಟಾಲೆ ಕಿಟಕಿಯ ಕಡೆ ತಿರುಗಿ ಕೂತಳು. ಹೋಟೆಲಿನ ಮುಂದೆ ಇಳಿಯುವಾಗ ಹೇಳಿದಳು: "ಬ್ವಾಲ್ಯನಿಗೆ ನಾನು ಹೇಳುವುದಿಲ್ಲ. ನೀನೇ ಹೇಳು."

ಮರುದಿನ ಆಸ್ಟಿನ್ನಿನಲ್ಲಿ ಹಬ್ಬವಿತ್ತು. ಸಿದ್ಧಾರೂಢ ಮೇಜು ಹಾಕಿ ಬುಟ್ಟಿಗಳನ್ನಿಟ್ಟ. ಮುಖಗಳ ಪೆಟ್ಟಿಗೆ ವ್ಯಾನಿನಲ್ಲೇ ಇತ್ತು. ಗುರವ್ವ ಅದರ ಪಕ್ಕದಲ್ಲಿ ಕೂತು ಕಿಟ್ವೆಗೆ ಫೋನ್ ಮಾಡಿ, ಅಲ್ಲಿದ್ದಾಗ ಕಲಿತ ಹರಕು ಬೆಂಬಾ ಭಾಷೆಯಲ್ಲಿ ಬ್ವಾಲ್ಯನಿಗೆ ಇದ್ದದ್ದನ್ನು ಇದ್ದಂತೆ ಹೇಳಿದಳು. ಲೈನ್ ಕಟ್ಟಾಯಿತೇನೋ ಎಂದು ಅವಳು ಎರಡು ಸಲ ಅವನ ಹೆಸರು ಕೂಗಿದಳು.

"ಕೇಳಿಸುತ್ತಿದೆ," ಎಂದ. "ಉಳಿದವನ್ನು ಮಾರಬೇಡ. ಕಳಿಸಿಬಿಡು. ಅವರವರ ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ."

"ಔಷಧಕ್ಕೆ ಏನು ಮಾಡುವುದು ಬ್ವಾಲ್ಯ?"

"ಅದು ನನಗೆ ಗೊತ್ತಿಲ್ಲ ಅಮ್ಮಾ. ಈಗಾಗಲೇ ಮಾರಾಟವಾದ ಅಜ್ಜಿಯರ ಗತಿ ಏನು?"

ಗುರವ್ವ ಪೆಟ್ಟಿಗೆಗೆ ಟೇಪು ಸುತ್ತಿ ಮೇಲೆ ಕಿಟ್ವೆಯ ವಿಳಾಸ ಬರೆದಳು.

ಕಮಿಟಿ ಬೇರೆ ಯಾವುದೋ ಪುಣ್ಯಕಾರ್ಯ ಹುಡುಕಿಕೊಂಡಿತು. ಕಿಟ್ವೆಯಲ್ಲಿ ಒಂದು ವಾರ್ಡು ಮುಚ್ಚಿತು. ಆ ವಾರ್ಡಿನವರು ಈಗ ತಮ್ಮ ತಮ್ಮ ಗುಡಿಸಲಿನಲ್ಲಿ ನರಳುತ್ತಾರೆ. ಮುಟಾಲೆ ಸಾಧ್ಯವಾದಷ್ಟು ಮನೆಗಳಿಗೆ ನಡೆದೇ ಹೋಗುತ್ತಾಳೆ. ನಿಜ ಹೇಳಿದ್ದರಿಂದ ಎಲ್ಲ ಸರಿಹೋಯಿತು ಎಂದು ಬರೆದರೆ ಅದು ಇನ್ನೊಂದು ಸುಳ್ಳಾದೀತು.

ಗುರವ್ವ ಈಗಲೂ ಬುಟ್ಟಿ ಮಾರುತ್ತಾಳೆ. ಹಬ್ಬವಿಲ್ಲದ ಶನಿವಾರಗಳಲ್ಲಿ ಮುಖ ಕೊಂಡವರ ಬಾಗಿಲು ತಟ್ಟುತ್ತಾಳೆ. ಒಂದು ಒಳ್ಳೆಯ ಬುಟ್ಟಿ ಕೊಟ್ಟು ಅಜ್ಜಿಯನ್ನು ವಾಪಸು ಕೇಳುತ್ತಾಳೆ. ಕೆಲವರು ಕೊಟ್ಟಿದ್ದಾರೆ, ಕೆಲವರು ಬಾಗಿಲ ಕ್ಯಾಮೆರಾದಲ್ಲಿ ನೋಡಿ ಸುಮ್ಮನಿದ್ದಾರೆ. ಕೃಷ್ಣವೇಣಿ ಎರಡು ಸಲ ಕಾಫಿ ಕೊಟ್ಟು ಕಳಿಸಿದಳು. ಮೂರನೆಯ ಸಲ, ಪ್ರಭಂಜನ ಊರಲ್ಲಿಲ್ಲದಾಗ, ಬಾಗಿಲಲ್ಲೇ ನಿಂತು ಮೇಲೆ ನೋಡಿದಳು.

"ತೆಗೆದ್ಮೇಲೆ ಮನೆಗೇನಾದ್ರೂ ಕೆಟ್ಟದಾದ್ರೆ ಯಾರಾಂಟಿ ಹೊಣೆ?"

"ನಾನ ಹೊಣಿ," ಎಂದಳು ಗುರವ್ವ. "ಏಣಿ ಐತೇನು?"