ಏಳು ಸ್ಪರ್ಧೆ, ಏಳು ಸೆಕೆಂಡು

ನನ್ನ ಕೈಗಡಿಯಾರ ಎಷ್ಟೋ ವರ್ಷಗಳಿಂದ ನಾಲ್ಕು ನಿಮಿಷ ಮುಂದೆ ಓಡುತ್ತಿದೆ. ಸರಿಪಡಿಸದಿರುವುದು ನನ್ನ ಆಲಸ್ಯ ಎಂದು ಹೆಂಡತಿಯ ತೀರ್ಪು; ದೂರದೃಷ್ಟಿ ಎಂದು ನನ್ನ ಸಮರ್ಥನೆ. ಉಡುಪಿಯ ಖಾಸಗಿ ಬಸ್ಸುಗಳನ್ನು ನಂಬಿ ಮಣಿಪಾಲದ ಕಾಲೇಜಿನಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಹೇಳಿದವನಿಗೆ ಸಮಯದ ಮೇಲೆ ಇಷ್ಟಾದರೂ ಭಯಭಕ್ತಿ ಇರಬೇಡವೇ? ಇಲ್ಲಿ ಒಂದು ಬಸ್ಸು ಒಂದು ನಿಮಿಷ ಹೆಚ್ಚು ನಿಂತರೆ ಹಿಂದಿನ ಬಸ್ಸಿನ ಕಂಡಕ್ಟರು ರಣಕಹಳೆ ಊದುತ್ತಾನೆ. ಆ ಕುರುಕ್ಷೇತ್ರದ ನ್ಯಾಯಾಧೀಶನೇ ಟೈಮ್ ಕೀಪರ್, ಅಂದರೆ ಸೀಟಿ ಊದಿ ಬಸ್ಸು ಹೊರಡಿಸುವ ಮನುಷ್ಯ. ಕಡಿಯಾಳಿಯಲ್ಲಿ ನಮ್ಮ ಪಕ್ಕದ ಮನೆಯ ವಾಸಣ್ಣ ಆ ಕೆಲಸದಿಂದ ನಿವೃತ್ತರಾದವರು. ಸ್ವಂತ ಮಾವ ಓಡಿ ಬರುತ್ತಿದ್ದರೂ ಹತ್ತು ಸೆಕೆಂಡು ಬಿಟ್ಟುಕೊಡದೆ ಸೀಟಿ ಊದಿದವರು ಎಂಬ ಕೀರ್ತಿ ಅವರಿಗಿದೆ.

ಅಂಥ ವಾಸಣ್ಣ ಜೀವಮಾನದಲ್ಲಿ ಒಬ್ಬಳಿಗೆ ಮಾತ್ರ ಅರ್ಧ ನಿಮಿಷ ದಯಪಾಲಿಸಿದ್ದರು. ಅವಳು ಶಾಲಿನಿ, ಶಂಕರಪುರದ ಹುಡುಗಿ, ನನ್ನ ವಿದ್ಯಾರ್ಥಿನಿ. ಅಭ್ಯಾಸಕ್ಕೆಂದು ಕಾರ್ಕಳದ ಮೈದಾನಕ್ಕೆ ಹೋಗುವಾಗ ತನಗಿಂತ ಉದ್ದದ ಈಟಿಯೊಂದನ್ನು ಹೊತ್ತುಕೊಂಡು ಉಡುಪಿಯಲ್ಲಿ ಬಸ್ಸು ಹತ್ತುತ್ತಿದ್ದಳು. ಅದನ್ನು ಯಾರ ಕಣ್ಣಿಗೂ ತಾಗದಂತೆ ಸೀಟುಗಳ ಅಡಿಗೆ ತೂರಿಸುವುದಕ್ಕೆ ಬೇಕಾದ ಸಮಯವೇ ಆ ಅರ್ಧ ನಿಮಿಷ. ಹಿಂದಿನ ಬಸ್ಸಿನವರು ಬೊಬ್ಬೆ ಹಾಕಿದರೆ ವಾಸಣ್ಣ, "ಈಟಿಗೆ ಟಿಕೇಟು ಇಲ್ಲ, ಟೈಮ್ ಉಂಟು," ಎನ್ನುತ್ತಿದ್ದರಂತೆ.

ಆ ಶಾಲಿನಿ ಈ ಬಾರಿ ಅಂತರರಾಷ್ಟ್ರೀಯ ಕ್ರೀಡಾಕೂಟದ ಹೆಪ್ಟಾಥ್ಲಾನಿನಲ್ಲಿ ನಮ್ಮ ದೇಶದ ಪರವಾಗಿ ನಿಂತಿದ್ದಳು. ಎರಡು ದಿನ, ಏಳು ಸ್ಪರ್ಧೆ. ಮೊದಲ ದಿನ ಹರ್ಡಲ್ಸ್, ಎತ್ತರ ಜಿಗಿತ, ಗುಂಡು ಎಸೆತ, ಇನ್ನೂರು ಮೀಟರ್ ಓಟ. ಮರುದಿನ ಉದ್ದ ಜಿಗಿತ, ಈಟಿ ಎಸೆತ, ಕೊನೆಗೆ ಉಸಿರೆಲ್ಲ ಬಸಿದುಹೋದ ಮೇಲೆ ಎಂಟುನೂರು ಮೀಟರ್. ನೋಡುತ್ತ ನೋಡುತ್ತ ನಾನು ಬೆರಗಾಗಿಹೋದೆ. ಜಿಗಿಯುವವಳಿಗೆ ಮೈ ಹಗುರವಿರಬೇಕು, ಗುಂಡು ಎಸೆಯುವವಳಿಗೆ ಭಾರವಿರಬೇಕು. ಈ ಹೆಣ್ಣುಮಕ್ಕಳು ಒಂದೇ ದೇಹಕ್ಕೆ ಎರಡನ್ನೂ ಹೇಗೆ ಒಪ್ಪಿಸಿದರೋ! ಒಂದು ಕೈಯಲ್ಲಿ ಕೊಡೆ ಹಿಡಿದು ಇನ್ನೊಂದರಲ್ಲಿ ಫೋನು ಎತ್ತಲಾರದ ನನಗೆ ಅದು ಪವಾಡವೇ ಸರಿ. ಗೃಹಿಣಿಯರ ದಿನಚರಿಯೂ ಸಪ್ತಸ್ಪರ್ಧೆಯೇ ಎಂದೊಂದು ಪ್ರಬಂಧ ಬರೆಯುವ ಹುರುಪಿನಿಂದ ಹೆಂಡತಿಗೆ ಹೇಳಿದೆ. "ಬರೆಯುವುದಕ್ಕೆ ಮೊದಲು ಆ ಲೋಟ ತೊಳೆದಿಡಿ," ಎಂದಳು. ಪ್ರಬಂಧ ಅಲ್ಲಿಗೇ ಸಮಾಪ್ತವಾಯಿತು.

ಎರಡೂ ದಿನ ನಾನು ಮತ್ತು ವಾಸಣ್ಣ ಶಂಕರಪುರಕ್ಕೆ ಹೋಗಿ ಶಾಲಿನಿಯ ತಾಯಿಯ ಜೊತೆಗೇ ಕುಳಿತು ಟಿವಿ ನೋಡಿದೆವು. ಅವರ ಹೆಸರು ಗುಲಾಬಿಯಕ್ಕ. ಕೈಯಲ್ಲಿ ಮಾತ್ರ ಸದಾ ಮಲ್ಲಿಗೆ. ಮೊದಲ ದಿನ ಬೆಳಿಗ್ಗೆ ಮಗಳು ಹರ್ಡಲ್ಸ್ ಓಡುವಾಗಲೂ ಬಾಳೆನಾರಿನಲ್ಲಿ ಹೂ ಕಟ್ಟುವ ಆ ಬೆರಳುಗಳು ಒಂದು ಗಂಟನ್ನೂ ತಪ್ಪಿಸಲಿಲ್ಲ. ಎರಡನೆಯ ದಿನ ಸಂಜೆ, ಕೊನೆಯ ಓಟದ ಹೊತ್ತಿಗೆ ಕಟ್ಟಲು ಹೂವಿರಲಿಲ್ಲ. ಸೆರಗಿನ ಅಂಚನ್ನು ಸುತ್ತುತ್ತ, ಬಿಚ್ಚುತ್ತ ಕುಳಿತಿದ್ದರು. ಶಾಲಿನಿಯ ಮೊಣಕಾಲಿಗೆ ಹಿಂದೊಮ್ಮೆ ಶಸ್ತ್ರಚಿಕಿತ್ಸೆಯಾಗಿತ್ತು. ಇದೇ ನನ್ನ ಕೊನೆಯ ಕೂಟ ಎಂದು ಅವಳು ಫೋನಿನಲ್ಲಿ ಹೇಳಿದ್ದಳಂತೆ. ಪದಕ ಬರುವುದಿದ್ದರೆ ಇವತ್ತೇ ಬರಬೇಕಿತ್ತು.

ಆರು ಸ್ಪರ್ಧೆ ಮುಗಿದಾಗ ಒಟ್ಟು ಅಂಕಗಳಲ್ಲಿ ಅವಳು ಮೂರನೆಯವಳು. ಬೆನ್ನಿಗೇ ನಾಲ್ಕನೆಯವಳಾಗಿ ಹಸಿರು ಅಂಗಿಯ ಪರದೇಶದ ಹುಡುಗಿಯೊಬ್ಬಳಿದ್ದಳು, ಓಟದಲ್ಲಿ ಬಹಳ ಚುರುಕು. ನಾನು ಮೇಷ್ಟರ ಗತ್ತಿನಿಂದ, "ಈ ಓಟದಲ್ಲಿ ಮೂರನೆಯವಳಾಗಿ ಬಂದರೆ ಪದಕ," ಎಂದು ಸಾರಿದೆ.

"ಹಾಗಲ್ಲ ಸರ್," ಎಂದರು ವಾಸಣ್ಣ. "ಇದು ನಮ್ಮ ಬಸ್ಸಿನ ಲೆಕ್ಕ. ಯಾರು ಮುಂದೆ ಬಂದರು ಅಂತ ಅಲ್ಲ, ಎಷ್ಟು ಹಿಂದೆ ಬಿದ್ದರು ಅಂತ ನೋಡುವುದು. ಟಿವಿಯವನು ಈಗ ಹೇಳಿದ ಅಲ್ವಾ, ಹಸಿರು ಅಂಗಿಯವಳು ಮುಟ್ಟಿದ ಏಳು ಸೆಕೆಂಡಿನ ಒಳಗೆ ಇವಳು ಬಂದರೆ ಸಾಕು." ಬಸ್ ನಿಲ್ದಾಣದ ಶಾಸ್ತ್ರವನ್ನು ಒಲಿಂಪಿಕ್ಸಿನ ಮಟ್ಟದ ಆಟಕ್ಕೆ ಅನ್ವಯಿಸುವುದೇ ಎಂದು ನಾನು ಮನಸ್ಸಿನಲ್ಲೇ ನಕ್ಕೆ.

ಓಟ ಶುರುವಾಯಿತು. ಒಂದು ಸುತ್ತಿನ ತನಕ ಶಾಲಿನಿ ಗುಂಪಿನಲ್ಲೇ ಇದ್ದಳು. ಆಮೇಲೆ ಹಸಿರು ಅಂಗಿ ಮುನ್ನುಗ್ಗಿತು, ನಮ್ಮವಳು ಒಂದೊಂದೇ ಸ್ಥಾನ ಹಿಂದೆ ಸರಿದಳು. ಹಸಿರು ಅಂಗಿಯವಳು ಮೊದಲನೆಯವಳಾಗಿ ಗೆರೆ ದಾಟಿದಾಗ ಶಾಲಿನಿ ಇನ್ನೂ ನೇರ ದಾರಿಯಲ್ಲಿ ಕಾಲು ಎಳೆಯುತ್ತಿದ್ದಳು. ಆರನೆಯವಳಾಗಿ ಬಂದು, ಗೆರೆಯ ಮೇಲೆಯೇ ಮುಗ್ಗರಿಸಿ ಬಿದ್ದಳು. ಹೆತ್ತವರು ಇದನ್ನು ನೋಡಬಾರದು ಎಂದೆನಿಸಿತು. ಎದ್ದುಹೋಗಿ ಗೋಡೆಯಲ್ಲಿದ್ದ ಟಿವಿಯ ಸ್ವಿಚ್ಚನ್ನೇ ಆರಿಸಿಬಿಟ್ಟೆ.

"ಎಂತ ಮಾಡಿದ್ರಿ ಮಾರಾಯ್ರೆ!" ವಾಸಣ್ಣ ಚಂಗನೆ ಎದ್ದರು. ಅವರ ಹೆಬ್ಬೆರಳು ಬಸ್ ನಿಲ್ದಾಣದ ದಿನಗಳ ಹಳೆಯ ಸ್ಟಾಪ್ ವಾಚಿನ ಮೇಲಿತ್ತು. "ಆರು ಸೆಕೆಂಡು, ಚಿಲ್ಲರೆ! ಏಳು ಆಗಲಿಲ್ಲ!"

ಸ್ವಿಚ್ಚು ಹಾಕಿದ್ದಾಯಿತು. ಆದರೆ ಟಿವಿ ಪೆಟ್ಟಿಗೆಗೆ ನಮ್ಮ ಅವಸರ ಎಲ್ಲಿ ಗೊತ್ತು? ನೀಲಿ ಪರದೆ ಹರಡಿ, ದಯವಿಟ್ಟು ಕಾಯಿರಿ ಎಂದು ವಿನಯದಿಂದ ಪ್ರಾರ್ಥಿಸಿತು. ನನ್ನ ಆಯುಷ್ಯದ ಅತಿ ದೀರ್ಘವಾದ ಎರಡು ನಿಮಿಷಗಳವು. ವಾಸಣ್ಣ ನನ್ನ ಮುಖ ನೋಡಲಿಲ್ಲ. ಗುಲಾಬಿಯಕ್ಕ ಮಾತ್ರ, "ಇರಲಿ ಸರ್, ನೀವು ಬೇಕು ಅಂತ ಮಾಡಿದ್ದಲ್ಲವಲ್ಲ," ಎಂದು ನನ್ನನ್ನೇ ಸಮಾಧಾನ ಮಾಡಿದರು.

ಚಿತ್ರ ಮರಳಿದಾಗ ಓಡಿದವರೆಲ್ಲ ಟ್ರ್ಯಾಕಿನ ಮೇಲೆ ಅಂಗಾತ ಬಿದ್ದುಕೊಂಡಿದ್ದರು. ಮೇಲಿನ ಫಲಕದಲ್ಲಿ ಒಟ್ಟು ಅಂಕಗಳ ಸಮೇತ ಹೆಸರುಗಳು ಮೂಡಿದವು. ಶಾಲಿನಿ ಮೂರನೆಯವಳು! ವಾಸಣ್ಣ ನನ್ನನ್ನು ಅಪ್ಪಿಕೊಂಡರು. ನಾನು ನಾಚಿಕೆಯಿಲ್ಲದೆ ಅತ್ತೆ. ಪರದೆಯಲ್ಲಿ ಹಸಿರು ಅಂಗಿಯವಳು ಎದ್ದು ಫಲಕವನ್ನು ಒಮ್ಮೆ ನೋಡಿದಳು, ತಲೆ ತಗ್ಗಿಸಿದಳು. ಆಮೇಲೆ ಶಾಲಿನಿಯ ಬಳಿಗೆ ಹೋಗಿ, ಬಾಗಿ, ಎರಡೂ ಕೈ ಹಿಡಿದು ಎಬ್ಬಿಸಿದಳು. ಗೆದ್ದವರು, ಸೋತವರು ಎಲ್ಲರೂ ಒಂದೇ ಸಾಲಿನಲ್ಲಿ ಕೈಕೈ ಹಿಡಿದು ಜನರಿಗೆ ನಮಸ್ಕರಿಸಿದರು. ಈ ಸ್ಪರ್ಧೆಯ ಪದ್ಧತಿಯೇ ಹಾಗಂತೆ. ಶಾಲಿನಿ ಆ ಹುಡುಗಿಯ ಹೆಗಲಿಗೆ ಒರಗಿ ನಿಂತಿದ್ದಳು.

ಗುಲಾಬಿಯಕ್ಕ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. "ಆ ಹಸಿರು ಅಂಗಿಯ ಹುಡುಗಿಯ ಹೆಸರು ಎಂತ ಸರ್?"

ಅವಳು ಜಿಗಿಯುವಾಗ ಕೋಲು ಬೀಳಲಿ, ಓಡುವಾಗ ಕಾಲು ಸೋಲಲಿ ಎಂದು ಎರಡು ದಿನ ಮನಸ್ಸಿನಲ್ಲೇ ಹಾರೈಸಿದವನು ನಾನು, ಹೆಸರನ್ನು ಓದಿರಲಿಲ್ಲ. ಟಿವಿಯ ಹತ್ತಿರ ಹೋಗಿ, ಕನ್ನಡಕ ಏರಿಸಿ, ಫಲಕದ ನಾಲ್ಕನೆಯ ಸಾಲನ್ನು ಅಕ್ಷರ ಅಕ್ಷರವಾಗಿ ಕೂಡಿಸಿ ಓದಿದೆ. ಗುಲಾಬಿಯಕ್ಕ ಅದನ್ನು ತಪ್ಪಾಗದಂತೆ ಎರಡು ಸಲ ತಾವೂ ಹೇಳಿಕೊಂಡರು.