ಬ್ಯಾಟರಿ ಗಾಡಿಗೂ ಗಾಳಿ ಬೇಕು

ನನಗೆ ಕೂರಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನೀವು ಮನೆಗೆ ಕರೆದು ಕುರ್ಚಿ ತೋರಿಸಿದರೆ ನಾನು ಅದರ ತುದಿಯಲ್ಲಿ ಕೂತು, ಗಾಡಿಯ ಕೀಲಿಯನ್ನು ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸುತ್ತಿರುತ್ತೇನೆ. ಕಾಫಿ ತುಂಬಾ ಬಿಸಿಯಿದ್ದರೆ ನನಗೆ ಸಂಕಟ, ಅದು ಆರುವವರೆಗೂ ಕಾಯಬೇಕಲ್ಲ ಎಂದು. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಜಯಲಕ್ಷ್ಮಿ ಇದನ್ನು ಚುರುಕುತನ ಎಂದು ತಿಳಿದಿದ್ದಳು. ಈಗ ಅವಳು ಬೇರೆ ಪದ ಬಳಸುತ್ತಾಳೆ, ಅದು ಅಚ್ಚಿಗೆ ಯೋಗ್ಯವಲ್ಲ.

ಇಂಥವನು ಹೋಗಿ ಬ್ಯಾಟರಿ ಸ್ಕೂಟರ್ ಕೊಂಡ.

ಕೊಳ್ಳುವುದಕ್ಕೆ ನನ್ನ ಬಾಯಿಯೇ ಕಾರಣ. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವ ಮೇಷ್ಟ್ರು. ಬೆಳೆಯುತ್ತಿರುವ ಮಾರುಕಟ್ಟೆಗಳಲ್ಲಿ ವಿದ್ಯುತ್ ವಾಹನಗಳ ಭವಿಷ್ಯ ಎಂಬ ವಿಷಯದ ಮೇಲೆ ಒಂದು ವಿಚಾರ ಸಂಕಿರಣದಲ್ಲಿ ಭಾಷಣ ಮಾಡಿದೆ. ಭವಿಷ್ಯ ಹೇಳುವುದರಲ್ಲಿ ನಮ್ಮವರು ಜ್ಯೋತಿಷಿಗಳಿಗೆ ಏನೂ ಕಡಿಮೆಯಿಲ್ಲ. ಅವರ ಹತ್ತಿರ ಕವಡೆ ಇರುತ್ತದೆ, ನಮ್ಮ ಹತ್ತಿರ ಪರದೆಯ ಮೇಲೆ ಮೇಲಕ್ಕೇರುವ ಗೆರೆ ಇರುತ್ತದೆ. ನಮ್ಮಂಥ ದೇಶಗಳಲ್ಲಿ ಈ ಬದಲಾವಣೆ ದೊಡ್ಡ ಕಾರುಗಳಿಂದಲ್ಲ, ಸ್ಕೂಟರಿನಿಂದ, ಆಟೋದಿಂದ ಬರುತ್ತದೆ ಎಂದೆ. ಹೊಗೆಯಿಲ್ಲ, ಸದ್ದಿಲ್ಲ ಎಂದೆ. ಎಲ್ಲಕ್ಕಿಂತ ಮುಖ್ಯವಾಗಿ ರಿಪೇರಿಯ ಗೋಜಿಲ್ಲ, ಆಯಿಲ್ ಬದಲಿಸಬೇಕಾಗಿಲ್ಲ, ಕಾರ್ಬ್ಯುರೇಟರ್ ಕಟ್ಟಿಕೊಳ್ಳುವುದಿಲ್ಲ, ಮೆಕ್ಯಾನಿಕ್ಕನ ಮುಖ ನೋಡುವ ಅಗತ್ಯವೇ ಇಲ್ಲ ಎಂದು ಬೆರಳು ಮಡಿಸುತ್ತಾ ಹೇಳಿದೆ. ಈ ಕೊನೆಯ ಮಾತಿಗೆ ಜೋರು ಚಪ್ಪಾಳೆ ಬಿತ್ತು. ಸಭೆ ಮುಗಿದು ಹೊರಗೆ ಬಂದು ನನ್ನ ಹಳೆಯ ಸ್ಕೂಟರಿನ ಕಿಕ್ಕರನ್ನು ಒದೆಯತೊಡಗಿದೆ. ಚಪ್ಪಾಳೆ ಹೊಡೆದಿದ್ದ ವಿದ್ಯಾರ್ಥಿನಿಯರೇ ಸಾಲಾಗಿ ನಿಂತು ನೋಡುತ್ತಿದ್ದರು. ಹೊಗೆ ಎದ್ದ ಮೇಲೆ ಒಬ್ಬಳು ಬಹಳ ವಿನಯದಿಂದ, "ಸಾರ್, ಇದು ಪೆಟ್ರೋಲಲ್ವಾ?" ಎಂದಳು. ಮುಂದಿನ ವಾರವೇ ಶೋರೂಮಿಗೆ ಹೋಗಿ ಹಳೆಯದನ್ನು ಕೊಟ್ಟು ಹೊಸದನ್ನು ತಂದೆ.

ಹೊಸ ಗಾಡಿಯ ಮುಖದ ಮೇಲೆ ಒಂದು ಅಂಕಿ ಇರುತ್ತದೆ, ಇನ್ನೂ ಎಷ್ಟು ಶಕ್ತಿ ಉಳಿದಿದೆ ಎಂದು ಹೇಳಲಿಕ್ಕೆ. ಕೂರಲು ಬಾರದವನ ಕೈಗೆ ಅಂಥ ಅಂಕಿಯನ್ನು ಕೊಡಬಾರದು. ಸಿಗ್ನಲಿನಲ್ಲಿ ಕೆಂಪು ದೀಪ ನೋಡುವ ಬದಲು ನಾನು ಅದನ್ನೇ ನೋಡುತ್ತೇನೆ. ಒಂದು ಇಳಿದರೆ ನನ್ನೊಳಗೂ ಏನೋ ಇಳಿದಂತಾಗುತ್ತದೆ. ಮನೆಯಲ್ಲಿ ಚಾರ್ಜಿಗೆ ಹಾಕಿದರೆ ಇನ್ನೂ ಕಷ್ಟ. ಪೋರ್ಟಿಕೋಗೆ ಹೋಗಿ ಬಗ್ಗಿ ನೋಡುವುದು, ಒಳಗೆ ಬರುವುದು, ಪೇಪರಿನಲ್ಲಿ ಒಂದು ಸಾಲು ಓದಿ ಮತ್ತೆ ಹೋಗುವುದು. ವಿಜಯನಗರದ ನಮ್ಮ ಪಕ್ಕದ ಮನೆಯವರು, ನಾವು ಪೋರ್ಟಿಕೋದಲ್ಲಿ ಯಾರೋ ಜ್ವರದವರನ್ನು ಮಲಗಿಸಿದ್ದೇವೆ ಎಂದುಕೊಂಡಿದ್ದರಂತೆ. ಕೊನೆಗೆ ತಡೆಯಲಾರದೆ, ಆದಷ್ಟು ಸಾಕು ಎಂದು ನಡುವೆಯೇ ಪ್ಲಗ್ ಕಿತ್ತುಬಿಡುತ್ತಿದ್ದೆ. ಪೂರ್ತಿ ತುಂಬಿ ದೀಪ ಹಸಿರಾಗುವುದನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ನಮ್ಮ ಅಜ್ಜ ಗಾಡಿ ಕಟ್ಟಿಕೊಂಡು ನೆಂಟರ ಮನೆಗೆ ಹೋದರೆ, ಅಲ್ಲಿ ಎಷ್ಟು ಹೊತ್ತು ಇರಬೇಕೆಂದು ತೀರ್ಮಾನಿಸುತ್ತಿದ್ದದ್ದು ಅಜ್ಜನಲ್ಲ, ಎತ್ತುಗಳು. ಅವುಗಳ ನೊಗ ಇಳಿಸಬೇಕು, ನೀರು ಕುಡಿಸಬೇಕು, ಹುಲ್ಲು ಹಾಕಬೇಕು. ಅವು ಮೆಲುಕು ಹಾಕಿ ಮುಗಿಸುವ ಹೊತ್ತಿಗೆ ಒಳಗೆ ಒಂದು ಜಗಳ ಶುರುವಾಗಿ, ತೀರಿ, ಊಟವೂ ಆಗಿರುತ್ತಿತ್ತು. ಪೆಟ್ರೋಲ್ ಬಂದ ಮೇಲೆ ನೆಂಟಸ್ತಿಕೆ ಗೇಟಿಗೆ ಬಂತು. ಇಂಜಿನ್ ಆರಿಸದೆಯೇ ಲಗ್ನಪತ್ರಿಕೆ ಕೊಟ್ಟು, "ತಪ್ಪದೆ ಬನ್ನಿ" ಎಂದು ಗೇರ್ ಹಾಕುವ ಕಲೆಯಲ್ಲಿ ನನಗಂತೂ ಎತ್ತಿದ ಕೈ. ಹಾಗೆ ನೋಡಿದರೆ ವಿದ್ಯುತ್ ವಾಹನ ಭವಿಷ್ಯದ್ದು ಎಂದು ಭಾಷಣದಲ್ಲಿ ನಾನು ಹೇಳಿದ್ದು ಅರ್ಧ ಮಾತ್ರ ನಿಜ. ಅದು ಎತ್ತಿನ ಕಡೆಯ ನೆಂಟ. ಅದನ್ನೂ ಕಟ್ಟಬೇಕು, ಮೇಯಿಸಬೇಕು, ಕಾಯಬೇಕು. ಈ ಜ್ಞಾನ ನನಗೆ ರಾಮಕೃಷ್ಣನಗರದಲ್ಲಿ ಆಯಿತು.

ರಾಮಕೃಷ್ಣನಗರದಲ್ಲಿ ಜಯಳ ಅಣ್ಣ ಪುಟ್ಟಸ್ವಾಮಿಯವರ ಮನೆಯಿದೆ. ನಾನು ಅವರಿಗೂ, ಅವರು ನನಗೂ ಭಾವ. ಮೇಲೆ ಮನೆ, ಕೆಳಗೆ ದ್ವಿಚಕ್ರ ವಾಹನಗಳ ಗ್ಯಾರೇಜು. ನಮ್ಮ ಮದುವೆಯಾದಾಗಿನಿಂದ ನಮ್ಮ ಮನೆಗೆ ಬಂದ ಗಾಡಿಗಳೆಲ್ಲ ಅವರು ಆರಿಸಿದ್ದು, ಅವರೇ ಬಿಚ್ಚಿ ಕಟ್ಟಿದ್ದು. ಈ ಬ್ಯಾಟರಿ ಗಾಡಿಯೊಂದನ್ನೇ ಅವರನ್ನು ಕೇಳದೆ ತಂದದ್ದು. ಅಂದಿನಿಂದ ಭಾವ ನಮ್ಮ ಮನೆ ಕಡೆ ತಲೆ ಹಾಕಿರಲಿಲ್ಲ. ನಮ್ಮ ಮಗಳು ಮೇಘನಳ ನಿಶ್ಚಿತಾರ್ಥಕ್ಕೂ ಬರಲಿಲ್ಲ, ಗ್ಯಾರೇಜಿನಲ್ಲಿ ಕೆಲಸ ಅಂದರು. ಈಗ ಮದುವೆಯೇ ಹತ್ತಿರ ಬಂದಿತ್ತು. ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ.

"ಅಣ್ಣ ಬರ್ದೇ ಹೋದ್ರೆ ಮೇಘನನ್ನ ಮಂಟಪಕ್ಕೆ ಯಾರು ಕರ್ಕೊಂಡ್ ಬರ್ತಾರೆ ಹೇಳಿ? ನಮ್ಮಪ್ಪ ಇಲ್ಲ. ಇರೋನು ಅವನೊಬ್ಬ," ಎಂದು ಜಯ ಅಡಿಗೆ ಮನೆಯಲ್ಲಿ ಬೆನ್ನು ತಿರುಗಿಸಿಕೊಂಡೇ ಹೇಳಿದಳು. ದೇವರ ಮುಂದೆ ಪತ್ರಿಕೆ ಇಟ್ಟ ಮೇಲೆ ಮೊದಲು ಹೋಗಬೇಕಾದದ್ದು ಅಣ್ಣನ ಮನೆಗೆ. ಅವನು ಬರುವುದಿಲ್ಲ ಎಂದುಬಿಟ್ಟರೆ ಎಂಬ ಹೆದರಿಕೆಗೆ ಅವಳು ಅದನ್ನು ಮುಂದಕ್ಕೆ ಹಾಕುತ್ತಲೇ ಇದ್ದಳು.

ಕೊನೆಗೊಂದು ಭಾನುವಾರ ಹೊರಟೆವು. ನನ್ನ ಲೆಕ್ಕಾಚಾರ ಸರಳವಾಗಿತ್ತು. ಭಾವ ಯಾವುದಾದರೂ ಗಾಡಿ ಬಿಚ್ಚಿಕೊಂಡು ಕೂತಿರುವಾಗ ಹೋಗುವುದು, ಕೈಯೆಲ್ಲ ಗ್ರೀಸ್ ಇರುತ್ತದೆ, ಮಾತಿಗೆ ಪುರುಸೊತ್ತಿರುವುದಿಲ್ಲ, ಪತ್ರಿಕೆ ಅಲ್ಲೇ ಇಟ್ಟು ಬಂದುಬಿಡುವುದು. ಜಯಳಿಗೆ ಇದನ್ನು ಹೇಳಿದ್ದಕ್ಕೆ, "ಕೂತ್ಕೊಂಡು ಕರೀಬೇಕು ಕಣ್ರೀ, ಪೇಪರ್ ಹಾಕಿದ್ ಹಾಗಲ್ಲ," ಎಂದಳು. ಬೆಳಿಗ್ಗೆ ಯಥಾಪ್ರಕಾರ ಪ್ಲಗ್ಗನ್ನು ಅವಸರದಲ್ಲಿ ಕಿತ್ತಿದ್ದೆ. ಜಯಳ ಹೆದರಿಕೆಗೆ ಅಣ್ಣನ ಮನೆಯನ್ನು ಅಂದೂ ಕೊನೆಗೇ ಇಟ್ಟು, ದಾರಿಯಲ್ಲಿ ಹೆಬ್ಬಾಳದ ಒಂದು ಮನೆ, ಕುವೆಂಪುನಗರದ ಎರಡು ಮನೆ ಮುಗಿಸಿದೆವು. ಎಲ್ಲ ಕಡೆಯೂ ಜಯ ಕುಂಕುಮ ಕೊಟ್ಟು ಕೂತಳು, ನಾನು ಬಾಗಿಲಲ್ಲಿ ಕೀಲಿ ತಿರುಗಿಸುತ್ತಾ ನಿಂತೆ. ರಾಮಕೃಷ್ಣನಗರಕ್ಕೆ ತಿರುಗುತ್ತಿದ್ದಂತೆ ಅಂಕಿ ಮಾಯವಾಗಿ ಅದರ ಜಾಗದಲ್ಲಿ ಒಂದು ಆಮೆಯ ಚಿತ್ರ ಬಂತು. ಗಾಡಿ ತಯಾರಿಸಿದವರಿಗೆ ಹಾಸ್ಯಪ್ರಜ್ಞೆಯಿದೆ. ವಾಕಿಂಗ್ ಹೊರಟಿದ್ದ ಹಿರಿಯರೊಬ್ಬರು ನಮ್ಮನ್ನು ಹಿಂದೆ ಹಾಕಿ, ಹಾಕಿದ ಮೇಲೆ ತಿರುಗಿ ನೋಡಿದರು. ಪಾರ್ಕಿನ ಮೂಲೆಯಲ್ಲಿ ಆಮೆಯೂ ಮಲಗಿತು.

ಹಾಗಾಗಿ ನಾವು ಭಾವನ ಗ್ಯಾರೇಜಿನ ಮುಂದೆ ಪ್ರತ್ಯಕ್ಷವಾದದ್ದು ಹೀಗೆ: ನಾನು ಹ್ಯಾಂಡಲ್ ಹಿಡಿದು ಏದುಸಿರು ಬಿಡುತ್ತಾ ತಳ್ಳುತ್ತಿದ್ದೇನೆ, ರೇಷ್ಮೆ ಸೀರೆಯುಟ್ಟ ಜಯ ಹೆಗಲಿಗೆ ಪತ್ರಿಕೆಗಳ ಚೀಲ ಹಾಕಿಕೊಂಡು ಹಿಂದಿನಿಂದ ಒಂದು ಕೈ ಕೊಟ್ಟಿದ್ದಾಳೆ. ಭಾವ ಕುಕ್ಕರಗಾಲಲ್ಲಿ ಕೂತು ಯಾವುದೋ ಗಾಡಿಯ ಚಕ್ರ ಬಿಚ್ಚುತ್ತಿದ್ದರು. ತಲೆ ಎತ್ತಿದರು. ಎದ್ದು ನಿಂತರು. ತಿಂಗಳುಗಟ್ಟಲೆ ಬಿಗಿದುಕೊಂಡಿದ್ದ ಮುಖದಲ್ಲಿ ನಗು ಒಂದು ಕಡೆಯಿಂದ ಶುರುವಾಗಿ ಇನ್ನೊಂದು ಕಡೆಗೆ ಹರಡುವುದನ್ನು ನಾನು ಕಣ್ಣಾರೆ ಕಂಡೆ.

"ಏನ್ ಭಾವ, ಪೆಟ್ರೋಲ್ ಮುಗ್ದೋಯ್ತಾ?"

ನಾನು ಗಾಡಿಗೆ ಸ್ಟ್ಯಾಂಡ್ ಹಾಕಿ ಬೆವರು ಒರೆಸಿಕೊಂಡೆ. ಜಯ ಮಾತ್ರ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳು ಹಾಗೆ ನಕ್ಕು ಬಹಳ ದಿನವಾಗಿತ್ತು. ಭಾವ ಗಾಳಿ ಹೊಡೆಯುವ ಯಂತ್ರದ ಪ್ಲಗ್ ಕಿತ್ತು, ಆ ಜಾಗಕ್ಕೆ ನನ್ನ ಗಾಡಿಯ ವೈರ್ ಸಿಕ್ಕಿಸಿದರು.

"ಎಷ್ಟೊತ್ತಾಯ್ತದೆ?"

"ಪೂರ್ತಿ ಆಗ್ಬೇಕಂದ್ರೆ ಸಂಜೆ ಆಗುತ್ತೆ. ಮನೆ ಮುಟ್ಟೋಷ್ಟು ಆದ್ರೆ ಸಾಕು," ಎಂದೆ.

"ಅಂಗಾದ್ರೆ ಕೂತ್ಕಳಿ," ಎಂದು ಒಂದು ಸ್ಟೂಲನ್ನು ನನ್ನ ಕಡೆ ದೂಡಿದರು.

ಕೂತೆ. ಬೇರೆ ದಾರಿಯಿರಲಿಲ್ಲ. ಕೀಲಿ ತಿರುಗಿಸಿದೆ, ಕಾಲು ಅಲ್ಲಾಡಿಸಿದೆ, ಗೋಡೆಯ ಮೇಲಿನ ಸ್ಪ್ಯಾನರುಗಳನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನೋಡಿದೆ. ಭಾವ ನನ್ನ ಗಾಡಿಯ ಸುತ್ತ ಒಂದು ಸುತ್ತು ಬಂದರು. ಬಗ್ಗಿ ಕೆಳಗೆ ನೋಡಿದರು. ಸೈಲೆನ್ಸರ್ ಇರಬೇಕಾದ ಕಡೆ ಕೈ ಹೋಯಿತು, ಅಲ್ಲಿ ಏನೂ ಇರಲಿಲ್ಲ. ಕಾರ್ಬ್ಯುರೇಟರ್ ಇರಬೇಕಾದ ಕಡೆ ಹೋಯಿತು, ಅಲ್ಲೂ ಇರಲಿಲ್ಲ. ಬಿಚ್ಚಲಿಕ್ಕೆ ಒಂದೂ ಸಿಗದೆ ಅವರ ಕೈ ಸುಮ್ಮನೆ ಸೀಟಿನ ಮೇಲೆ ನಿಂತಿತು. ನೋಡಲು ನನಗೆ ಕಷ್ಟವಾಯಿತು.

"ಯಾವ್ ಗಾಡಿಯಾರ ತಗಳಿ ಭಾವ, ಅದ್ಕೆ ನಂಗೇನ್ ಬೇಜಾರಿಲ್ಲ," ಎಂದರು, ನನ್ನ ಮುಖ ನೋಡದೆ. "ನನ್ ಕೆಲ್ಸಕ್ಕೆ ಇನ್ನೂ ಬೇಕಾದಷ್ಟ್ ಗಾಡಿ ಬತ್ತವೆ. ನಿಮ್ ಹಳೇದು ಕೆಡೋದು, ನೀವ್ ಬರೋರಿ. ಜೊತೇಲಿ ಜಯನೂ ಬರೋಳು, ಮಗೂನೂ ಬರೋಳು. ಇದು ಕೆಡಕಿಲ್ಲ ಅಂತಾರೆ. ಇನ್ನ್ ನೀವ್ ಯಾತಕ್ಕ್ ಬಂದೀರಿ?"

ಜಯ ಚೀಲದಲ್ಲಿ ಏನನ್ನೋ ಹುಡುಕುವವಳ ಹಾಗೆ ತಲೆ ತಗ್ಗಿಸಿದಳು. ಮೆಕ್ಯಾನಿಕ್ಕನ ಮುಖ ನೋಡುವ ಅಗತ್ಯವೇ ಇಲ್ಲ ಎಂದಾಗ ಬಿದ್ದ ಚಪ್ಪಾಳೆ ನನಗೆ ನೆನಪಾಯಿತು. ಆ ಮಾತನ್ನು ಲಾಭ ಎಂದೇ ಹೇಳಿದ್ದೆ. ನಮ್ಮ ಹಳೆಯ ಸ್ಕೂಟರ್ ಮಳೆಗಾಲದಲ್ಲಿ ಸ್ಟಾರ್ಟ್ ಆಗದೆ, ಬೇಸಿಗೆಯಲ್ಲಿ ಬಿಸಿಯಾಗಿ, ನಡುವೆ ಕೇಬಲ್ ಕಿತ್ತುಕೊಂಡು ಇಷ್ಟು ವರ್ಷ ನಮ್ಮನ್ನು ಇಲ್ಲಿಗೆ ಎಳೆದು ತರುತ್ತಿತ್ತು. ಅದು ಇಷ್ಟು ದೊಡ್ಡ ಕೆಲಸ ಮಾಡುತ್ತಿದೆಯೆಂದು ಅದನ್ನು ಒದೆಯುವಾಗ ನನಗೆ ತಿಳಿದಿರಲಿಲ್ಲ.

ಅಷ್ಟರಲ್ಲಿ ಭಾವನ ಹೆಬ್ಬೆರಳು ಮುಂದಿನ ಟೈರನ್ನು ಒತ್ತಿತು. ಒತ್ತಿದ ಕಡೆ ತಗ್ಗಾಯಿತು. ಅವರು ಹಿಂದಿನದನ್ನೂ ಒತ್ತಿ ನೋಡಿದರು.

"ಗಾಳಿ ಇಲ್ವೇ ಇಲ್ವಲ್ಲ ಭಾವ ಇದ್ರಲ್ಲಿ. ಇಂಗೇ ಓಡ್ಸ್‌ತಿದ್ರಾ?"

ಅವರ ದನಿಯಲ್ಲಿ ಬಂದ ಜೀವವನ್ನು ಕೇಳಬೇಕಿತ್ತು. ನನ್ನ ಚಾರ್ಜಿನ ವೈರನ್ನು ಕಿತ್ತರು, ಗಾಳಿಯ ಯಂತ್ರ ಹಾಕಿದರು, ಎರಡು ಚಕ್ರಕ್ಕೂ ಗಾಳಿ ತುಂಬಿದರು, ಮತ್ತೆ ವೈರ್ ಹಾಕಿದರು. ಬ್ರೇಕು ಸಡಿಲವಾಗಿದೆ ಎಂದು ಬೈದು ಅದನ್ನೂ ಬಿಗಿ ಮಾಡಿದರು. ಆಮೇಲೆ ಸೋಪಿನ ಪುಡಿ ಹಾಕಿ ಕೈ ತಿಕ್ಕಿ ತೊಳೆದುಕೊಂಡು ಬಂದು, ತಂಗಿಯ ಮುಂದೆ ನಿಂತು ಎರಡೂ ಕೈ ಒಡ್ಡಿದರು.

"ಎಲ್ಲವ್ವ, ಪತ್ರಿಕೆ ಕೊಡಲ್ವಾ? ನಮ್ ಮಗೀನ ಮಂಟಪಕ್ಕೆ ಕರ್ಕೊಂಡ್ ಬರೋಕೆ ನಾನಲ್ದೆ ಇನ್ಯಾರ್ ಅವ್ರೆ? ಆದ್ರೆ ಒಂದ್ ಮಾತು. ಅವತ್ತು ನೀವು ಈ ಗಾಡೀಲಿ ಬರ್ಬೇಡಿ, ಮುಹೂರ್ತ ಮೀರೋಯ್ತದೆ."

ಜಯ ಅಳುತ್ತಾ ನಗುತ್ತಾ ಪತ್ರಿಕೆಯ ಜೊತೆ ಅಕ್ಷತೆ ಕೊಟ್ಟಳು. ಊಟ ಮಾಡಿದೆವು. ಮಧ್ಯಾಹ್ನ ಭಾವ ಬಂದು, ಮನೆ ಮುಟ್ಟೋಷ್ಟು ಆಗಿರಬೇಕು ನೋಡಿ ಎಂದರು. ಇರಲಿ, ಪೂರ್ತಿ ಆಗಲಿ ಎಂದು ಹೇಳಿದವನು ನಾನೇ. ಆ ದೀಪ ಹಸಿರಾಗುವುದನ್ನು ಅಂದು ಸಂಜೆ ಮೊದಲ ಸಲ ನೋಡಿದೆ. ಅಂಥ ವಿಶೇಷವೇನೂ ಇಲ್ಲ.

ಮದುವೆ ಚೆನ್ನಾಗಿ ಆಯಿತು. ಮೇಘನಳ ಕೈ ಹಿಡಿದು ಮಂಟಪಕ್ಕೆ ಕರೆತರುವಾಗ ಭಾವ ನೇರವಾಗಿ ನನ್ನತ್ತ ನೋಡಿ, ಗಡಿಯಾರ ಇರಬೇಕಾದ ಮಣಿಕಟ್ಟನ್ನು ತಟ್ಟಿ ತೋರಿಸಿದರು. ಮೊನ್ನೆ ಇನ್ನೊಂದು ಕಾಲೇಜಿನವರು ಅದೇ ಭಾಷಣಕ್ಕೆ ಕರೆದಿದ್ದಾರೆ. ಹೋಗುತ್ತೇನೆ, ಭವಿಷ್ಯ ಉಜ್ವಲವಾಗಿದೆ ಎಂದೇ ಹೇಳುತ್ತೇನೆ. ಮೆಕ್ಯಾನಿಕ್ಕನ ವಿಷಯಕ್ಕೆ ಬಂದಾಗ ಬೆರಳು ಮಡಿಸುವುದಿಲ್ಲ.

ಈಗ ಭಾನುವಾರ ಬಂತೆಂದರೆ ಗಾಡಿಗೆ ಗಾಳಿ ನೋಡಿಸಲು ರಾಮಕೃಷ್ಣನಗರಕ್ಕೆ ಹೋಗುತ್ತೇವೆ. ವಿಜಯನಗರದ ನಮ್ಮ ಬೀದಿಯ ತುದಿಯಲ್ಲೇ ಗಾಳಿ ಹಾಕುವ ಅಂಗಡಿಯಿದೆ, ಅದು ಬೇರೆ ಮಾತು. ಭಾವ ಟೈರಿಗೆ ಹೆಬ್ಬೆರಳು ಒತ್ತಿ, "ಹೋದ್ ವಾರ ತಾನೆ ಹಾಕಿದ್ದು ಭಾವ, ಸರಿಯಾಗೇ ಅದೆ," ಎನ್ನುತ್ತಾರೆ.

"ಇನ್ನೊಂದ್ ಸಲ ನೋಡಿ ಭಾವ, ಅವಸರ ಏನಿಲ್ಲ," ಎಂದು ನಾನು ಸ್ಟೂಲು ಎಳೆದುಕೊಳ್ಳುತ್ತೇನೆ.